ಮರಳಿ ಬರುವವನ ಕಥೆ

ಅಮೆರಿಕದ ಲೇಖಕಿ ಸುಝೇನ್ ಬ್ರಾಕ್‌ಮನ್ 2000ರಲ್ಲಿ ‘ದಿ ಅನ್‌ಸಂಗ್ ಹೀರೋ’ ಕಾದಂಬರಿಯೊಂದಿಗೆ ‘ಟ್ರಬಲ್‌ಶೂಟರ್ಸ್’ ಸರಣಿ ಶುರುಮಾಡಿದರು. ನೌಕಾಪಡೆಯ ಸೀಲ್ ಕಮಾಂಡೊಗಳು, ಅವರನ್ನು ಪ್ರೀತಿಸುವ ಹೆಂಗಸರು, ನಡುವೆ ಬಾಂಬು, ಒತ್ತೆಯಾಳು, ಅಪಹರಣ. ಪುಸ್ತಕ ಕೈಗೆತ್ತಿಕೊಂಡವರಿಗೆಲ್ಲ ಮೊದಲ ಪುಟದಲ್ಲೇ ಗೊತ್ತು, ನಾಯಕ ಸಾಯುವುದಿಲ್ಲ, ಇಬ್ಬರೂ ಒಂದಾಗುತ್ತಾರೆ. ಅಲ್ಲಿನ ರೊಮಾನ್ಸ್ ಬರಹಗಾರರ ಸಂಘ ಈ ಪ್ರಕಾರಕ್ಕೆ ಕೊಟ್ಟ ವ್ಯಾಖ್ಯೆಯಲ್ಲೇ ಭರವಸೆಯ ಮುಕ್ತಾಯ ಸೇರಿಕೊಂಡಿದೆ. ಕೊನೆ ಮೊದಲೇ ನಿಶ್ಚಯವಾದ ಯುದ್ಧದ ಕಥೆ ಸುಳ್ಳಲ್ಲವೇ?

ಸೈನಿಕನ ಹೆಂಡತಿಯಾದ ನನಗೆ ಇದು ಶ್ರದ್ಧೆಗೆ ಸಂಬಂಧಿಸಿದ ಪ್ರಶ್ನೆ. 1999ರ ಬೇಸಿಗೆಯಲ್ಲಿ ನಮ್ಮ ಯಜಮಾನರು ಕಾರ್ಗಿಲ್ ಕಡೆ ಇದ್ದರು. ಕಾಗದದ ಮೇಲೆ ಅವರ ನಂಬರು, ಪಲ್ಟನ್ನಿನ ಹೆಸರು, ಕೊನೆಗೆ ಸೇನಾ ಅಂಚೆಯ ‘56 ಎಪಿಒ’. ಊರೇ ಇಲ್ಲದ ವಿಳಾಸ. ನಮ್ಮತ್ತೆ ದಿನಾ ಗೀತೆ ಓದುತ್ತಿದ್ದರು. ಎರಡನೆಯ ಅಧ್ಯಾಯದಲ್ಲಿ ಕೃಷ್ಣ ಅರ್ಜುನನಿಗೆ ಸತ್ತರೆ ಸ್ವರ್ಗ, ಗೆದ್ದರೆ ಭೂಮಿ ಎನ್ನುತ್ತಾನಲ್ಲ, ಅಲ್ಲಿಗೆ ಬಂದಾಗ ನನಗೆ ಸಂಕಟವಾಗುತ್ತಿತ್ತು. ಆ ಎರಡು ಮಾತಿನಲ್ಲಿ ಮನೆಯಲ್ಲಿ ಕಾಯುವವಳಿಗೆ ಜಾಗ ಎಲ್ಲಿ? ನಮ್ಮ ವೀರಗಲ್ಲುಗಳನ್ನೇ ನೋಡಿ: ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಹೆಂಡತಿಯ ಪಾಲಿಗೆ ಮಾಸ್ತಿಕಲ್ಲು, ಅದರಲ್ಲಿ ಬಳೆ ತೊಟ್ಟ ತೋಳು.

ಬ್ರಾಕ್‌ಮನ್‌ರ ಆ ಮೊದಲ ಪುಸ್ತಕ ನನಗೆ ಸಿಕ್ಕಿದ್ದು ಯಜಮಾನರು ಮರಳಿದ ಮೇಲೆ, ಕಂಟೋನ್ಮೆಂಟಿನ ಲೈಬ್ರರಿಯಲ್ಲಿ. ನನ್ನ ಮನಸ್ಸು ಹಿಡಿದದ್ದು ಕಮಾಂಡೊಗಳ ಶೌರ್ಯವಲ್ಲ. ನಾಯಕ ಟಾಮ್ ಪಾವೊಲೆಟ್ಟಿಗೆ ತಲೆಗೆ ಪೆಟ್ಟು ಬಿದ್ದಿದೆ. ರಜೆಯಲ್ಲಿ ತನ್ನೂರಿಗೆ ಬಂದವನಿಗೆ ಭಯೋತ್ಪಾದಕನೊಬ್ಬ ಕಂಡಂತಾಗುತ್ತದೆ. ಕಂಡದ್ದು ನಿಜವೋ, ಪೆಟ್ಟಿನ ಭ್ರಮೆಯೋ ಅವನಿಗೇ ಖಾತ್ರಿಯಿಲ್ಲ. ಬದುಕಿ ಬಂದವನು ಪೂರ್ತಿ ಬಂದಿದ್ದಾನೆಯೇ? ರಾತ್ರಿ ಬೆಚ್ಚಿ ಎದ್ದು ಕೂರುವ ಗಂಡನ ಪಕ್ಕ ಮಲಗಿದವಳಿಗೆ ಇದು ಕಟ್ಟುಕಥೆ ಅನ್ನಿಸುವುದಿಲ್ಲ. ಅವನು ಉಳಿಯುತ್ತಾನೆಂದು ಗೊತ್ತಿದ್ದುದರಿಂದಲೇ ಆ ಭಯವನ್ನು ಹತ್ತಿರದಿಂದ ನೋಡಲು ನನಗೆ ಧೈರ್ಯ ಬಂತು.

ಸರಣಿಯಾಗಿರುವುದಕ್ಕೂ ಅರ್ಥವಿದೆ. ಅದರ ಪಾತ್ರಗಳಾದ ಸ್ಯಾಮ್ ಸ್ಟಾರೆಟ್ ಮತ್ತು ಅಲಿಸ್ಸಾ ಲಾಕ್‌ರ ಪ್ರೀತಿ ಪುಸ್ತಕದಿಂದ ಪುಸ್ತಕಕ್ಕೆ ಮುಂದಕ್ಕೆ ಹೋಗುತ್ತ, ನಡುವೆ ಅವನಿಗೆ ಇನ್ನೊಬ್ಬಳೊಡನೆ ಮದುವೆಯೂ ಆಗಿ, 2003ರ ‘ಗಾನ್ ಟೂ ಫಾರ್’ನಲ್ಲಿ ದಡ ಸೇರಿತು. ಓದುಗರು ವರ್ಷಗಟ್ಟಲೆ ಕಾದರು. ಕಾಯುವುದೇ ಇಲ್ಲಿ ಓದಿನ ರೀತಿ.

ಹಾಗಾಗಿ ಇದನ್ನು ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ಹರಕೆ ಹೊತ್ತವಳು ನಾಳೆ ಏನಾಗುತ್ತದೆಂದು ಭವಿಷ್ಯ ನುಡಿಯುತ್ತಿರುವುದಿಲ್ಲ. ಕೆಟ್ಟದ್ದೇ ಖಚಿತವೆಂದು ಒಪ್ಪಿಕೊಳ್ಳಲು ನಿರಾಕರಿಸುತ್ತಿರುತ್ತಾಳೆ. ಈ ಕಾದಂಬರಿಗಳ ಸುಖಾಂತ್ಯವೂ ಅಂಥ ನಿರಾಕರಣೆ.

ಆದರೆ ಸುಖಾಂತ್ಯದ ಈ ಕರುಣೆ ಯಾರ ಯಾರಿಗೆ? ಬ್ರಾಕ್‌ಮನ್ ಅದನ್ನು ಹಿಗ್ಗಿಸಿದ್ದುಂಟು. ಎಫ್‌ಬಿಐನ ಸಲಿಂಗಿ ಅಧಿಕಾರಿ ಜೂಲ್ಸ್ ಕ್ಯಾಸಿಡಿಗೆ 2007ರಲ್ಲಿ ಒಂದು ಇಡೀ ಪುಸ್ತಕದಲ್ಲಿ ಮದುವೆ ಮಾಡಿಸಿದರು. ಮೊದಲ ಕಾದಂಬರಿಯಲ್ಲೇ ಎರಡನೆಯ ಮಹಾಯುದ್ಧದ ಇಬ್ಬರು ಮುದುಕರಿದ್ದಾರೆ, ಫ್ರಾನ್ಸಿನ ಒಬ್ಬಳನ್ನೇ ಪ್ರೀತಿಸಿದವರು. ಆ ಪ್ರೀತಿಗೆ ಸುಖಾಂತ್ಯ ಸಿಗಲಿಲ್ಲ ಎಂಬುದನ್ನು ಲೇಖಕಿ ಮುಚ್ಚಿಟ್ಟಿಲ್ಲ. ಎದುರು ಪಾಳೆಯದಲ್ಲಿ ಗುಂಡಿಗೆ ಬೀಳುವವನಿಗೆ ಮಾತ್ರ ಈ ಪ್ರಕಾರದಲ್ಲಿ ಮನೆಯಿರುವುದು ಅಪರೂಪ. ಮಹಾಭಾರತದ ಸ್ತ್ರೀಪರ್ವದಲ್ಲಿ ಗಾಂಧಾರಿ ತನ್ನ ಮಕ್ಕಳ ಹೆಣಗಳ ನಡುವೆ ನಿಂತೂ ಅಭಿಮನ್ಯುವಿನ ಮೇಲೆ ಬಿದ್ದು ಅಳುವ ಉತ್ತರೆಯನ್ನು ಕೃಷ್ಣನಿಗೆ ತೋರಿಸುತ್ತಾಳೆ. ವೈರಿಯ ಮನೆಯ ಸೊಸೆ ಈ ಉತ್ತರೆ. ಕಾರ್ಗಿಲ್‌ನ ಆಚೆ ಬದಿಯಲ್ಲೂ ನನ್ನ ಹಾಗೆ ಯಾರೋ ಒಬ್ಬಳು ಕಾಗದಕ್ಕೆ ಕಾಯುತ್ತಿದ್ದಳು. ಅವಳನ್ನೂ ಒಳಗೊಂಡ ಒಂದು ಸಸ್ಪೆನ್ಸ್ ರೊಮಾನ್ಸನ್ನು ಯಾರಾದರೂ ಬರೆಯಲಿ ಎಂದು ಆಸೆಪಡುತ್ತೇನೆ.