ಹಳಬನೆಂಬ ಹೆಸರು

ಲೋಕವು ಮನುಷ್ಯನಿಗೆ ಒಮ್ಮೆ ಇಟ್ಟ ಹೆಸರು ಆತನ ನಡೆಯು ಬದಲಾದಮೇಲೂ ಸುಲಭವಾಗಿ ಬಿಟ್ಟುಹೋಗುವುದಿಲ್ಲ. ಅಂಥ ಹೆಸರುಗಳಲ್ಲಿ ‘ಹಳೆಯ ಕಾಲದವನು’ ಎಂಬುದೂ ಒಂದು. ಕರ್ನಾಟಕದ ಪರವಾಗಿ ಆಡಿ ಬೆಳೆದ ಶ್ರೀ ರಾಹುಲ್ ದ್ರಾವಿಡರು 2021ರ ನವೆಂಬರಿನಿಂದ 2024ರ ಜೂನ್‌ವರೆಗೆ ಭಾರತದ ಕ್ರಿಕೆಟ್ ತಂಡಕ್ಕೆ ಮುಖ್ಯ ತರಬೇತುದಾರರಾಗಿದ್ದಾಗ ಈ ಹೆಸರನ್ನು ಹೊರಬೇಕಾಯಿತು. ಅದು ನ್ಯಾಯವೇ ಎಂಬುದು ವಿಚಾರಾರ್ಹವಾಗಿದೆ.

ಆಕ್ಷೇಪವು ಕೇವಲ ನಿರಾಧಾರವೆನ್ನಲಾಗದು. ಆಟಗಾರರಾಗಿ ದ್ರಾವಿಡರು ಟೆಸ್ಟ್ ಪಂದ್ಯಗಳಲ್ಲಿ 31,258 ಎಸೆತಗಳನ್ನು ಎದುರಿಸಿದರು. ಅಷ್ಟನ್ನು ಮತ್ತಾರೂ ಎದುರಿಸಿದ್ದಿಲ್ಲ. ತಾಳ್ಮೆಯೇ ಅವರ ಕೀರ್ತಿ. ಆದರೆ ಇಪ್ಪತ್ತು ಓವರುಗಳ ಆಟದಲ್ಲಿ ತಾಳ್ಮೆಗೆ ಎಡೆ ಸ್ವಲ್ಪ. 2022ರ ನವೆಂಬರ್ 10ರಂದು ಅಡಿಲೇಡಿನಲ್ಲಿ ನಡೆದ ವಿಶ್ವಕಪ್ಪಿನ ಸೆಮಿಫೈನಲಿನಲ್ಲಿ ಅವರ ತಂಡವು ಅಳುಕುತ್ತ ಆಡಿ 168 ರನ್ನು ಗಳಿಸಿತು. ಇಂಗ್ಲೆಂಡ್ ಒಂದು ವಿಕೆಟ್ಟನ್ನೂ ಕಳೆದುಕೊಳ್ಳದೆ 16 ಓವರುಗಳಲ್ಲಿ ಗೆದ್ದಿತು. ಕಾಲವು ಮುಂದೆ ಹೋಯಿತು, ತಂಡವು ಹಿಂದೆ ಉಳಿಯಿತು ಎಂದವರ ಮಾತು ಆ ದಿನ ಸುಳ್ಳಾಗಿರಲಿಲ್ಲ.

ಆದರೆ ಕಥೆಯು ಅಲ್ಲಿಗೆ ಮುಗಿಯಲಿಲ್ಲ. 2023ರ ಏಕದಿನ ವಿಶ್ವಕಪ್ಪಿನಲ್ಲಿ ಅದೇ ತಂಡವು ಆರಂಭದಿಂದಲೇ ಎದುರಾಳಿಯ ಮೇಲೇರಿ ಆಡಿ, ಸತತವಾಗಿ ಹತ್ತು ಪಂದ್ಯಗಳನ್ನು ಗೆದ್ದು, ಅಂತಿಮ ಪಂದ್ಯದಲ್ಲಿ ಸೋತಿತು. 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ಇಪ್ಪತ್ತು ಓವರುಗಳ ವಿಶ್ವಕಪ್ಪನ್ನು 7 ರನ್ನುಗಳಿಂದ ಗೆದ್ದಿತು. ನಾಯಕ ರೋಹಿತ್ ಶರ್ಮರಿಗೂ ಈ ಬದಲಾವಣೆಯ ಶ್ರೇಯಸ್ಸು ಸಲ್ಲತಕ್ಕದ್ದೇ.

ಹಾಗಾದರೆ ಗೆಲುವೇ ಉತ್ತರವಾಯಿತೆ? ಆಗಲಾರದು. ಆ ಪಂದ್ಯದ ಕೊನೆಯ ಓವರಿನಲ್ಲಿ ಸೂರ್ಯಕುಮಾರ್ ಯಾದವರು ಬೌಂಡರಿಯ ಅಂಚಿನಲ್ಲಿ ಹಿಡಿದ ಚೆಂಡು ಗೆರೆಯಾಚೆ ಬಿದ್ದಿದ್ದರೆ ಫಲವೇ ಬೇರೆಯಾಗಬಹುದಿತ್ತು. ಒಂದು ಗೇಣಿನಷ್ಟು ಅಂತರದಿಂದ ಗುರುವು ಹೊಸಬನೂ ಹಳಬನೂ ಆಗುವನೆಂಬುದು ವಿವೇಕವಲ್ಲ. ಆತನಲ್ಲಿ ಹಳೆಯದಾಗಿರುವುದು ಯಾವುದು ಎಂದು ಕೇಳಬೇಕು.

ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ತೋಟದವರಿಗೆ ಈ ಭೇದವು ಅಪರಿಚಿತವಲ್ಲ. ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಡಾ. ಲೆಸ್ಲಿ ಕೋಲ್ಮನ್ನರು ಮೈಸೂರು ಸಂಸ್ಥಾನದಲ್ಲಿ ಪ್ರಚಾರಕ್ಕೆ ತಂದು ನೂರು ವರ್ಷಗಳ ಮೇಲಾಯಿತು. ಇಂದಿಗೂ ಅದನ್ನೇ ಸಿಂಪಡಿಸುತ್ತೇವೆ. ಮರವೇರುವ ಕೊನೆಗಾರನು ದೊರೆಯದ ತೋಟದಲ್ಲಿ ಮಾತ್ರ ಅದು ನೆಲದಮೇಲೆ ನಿಂತವನ ಕೈಯ ಕಾರ್ಬನ್ ಫೈಬರ್ ದೋಟಿಯಿಂದ ಕೊನೆಯನ್ನು ತಲಪುತ್ತದೆ. ಉಪಾಯವು ಹೊಸದು, ಔಷಧವು ಹಳೆಯದು. ಆ ತೋಟದವನನ್ನು ಹಳಬನೆಂದು ಯಾರೂ ಜರೆಯುವುದಿಲ್ಲ.

ದ್ರಾವಿಡರಲ್ಲಿಯೂ ಹಳೆಯ ಔಷಧವೊಂದು ಉಳಿದಿತ್ತು. 2018ರಲ್ಲಿ ಅವರ ಕಿರಿಯರ ತಂಡವು ವಿಶ್ವಕಪ್ಪನ್ನು ಗೆದ್ದಾಗ ಕ್ರಿಕೆಟ್ ಮಂಡಳಿಯು ಅವರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿಗಳನ್ನು ಘೋಷಿಸಿತು. ಈ ತಾರತಮ್ಯವನ್ನು ಅವರು ಒಪ್ಪಲಿಲ್ಲ. ಕಡೆಗೆ ಎಲ್ಲರಿಗೂ ತಲಾ 25 ಲಕ್ಷವಾಯಿತು. ಜತೆಯಲ್ಲಿ ದುಡಿದವನಿಗೆ ಸಮಪಾಲು ಎಂಬುದು ಹಳೆಯ ನೀತಿಯೇ ಸರಿ. ಅದನ್ನು ಬಿಟ್ಟಿದ್ದರೆ ಅವರು ಹೊಸಬರಾಗುತ್ತಿದ್ದರೆ?

ಆದುದರಿಂದ, ಉಪಾಯದಲ್ಲಿ ಅವರನ್ನು ಕೊನೆಯವರೆಗೂ ಹಳಬರೆಂದುದು ಅನ್ಯಾಯ. ನೀತಿಯಲ್ಲಿ ಹಳಬರೆಂದರೆ ಅದು ನಿಂದೆಯಲ್ಲ. ನಮ್ಮ ಮನೆಯ ಹಿರಿಯರನ್ನೂ ಊರಿನ ಉಪಾಧ್ಯಾಯರನ್ನೂ ಈ ಒಂದೇ ಮಾತಿನಿಂದ ಮೂಲೆಗೆ ತಳ್ಳುವ ಮುನ್ನ ವಾಚಕರು ಈ ಎರಡನ್ನೂ ಬೇರೆಬೇರೆಯಾಗಿ ತೂಗಿ ನೋಡುವುದು ಯುಕ್ತ.