ಪರಿಚಯದ ಸಾಲ

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಎಷ್ಟೋ ಮನೆಗಳಿಗೆ ನೂಲು ಬರುವುದು ಬಾಯಿಮಾತಿನ ಮೇಲೆ. ನೂಲು ಕೊಡುವ ಸಾಹುಕಾರರಿಗೆ ನೇಕಾರನ ಅಪ್ಪ ಗೊತ್ತು, ಕೈಗುಣ ಗೊತ್ತು. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯಲ್ಲೂ ಶೇಂಗಾ ರೈತನಿಗೂ ಮಂಡಿಯವರಿಗೂ ಇಂಥದೇ ಲೆಕ್ಕ: ಬಿತ್ತನೆಗೆ ಮುಂಗಡ, ಸುಗ್ಗಿಗೆ ಚುಕ್ತಾ. ಮಳೆ ನಂಬಲಾಗದ ಈ ಸೀಮೆಯಲ್ಲಿ ಅಡಮಾನವಿಲ್ಲದವನಿಗೆ ಪರಿಚಯವೇ ಬಂಡವಾಳ. ಬಡ್ಡಿಯ ಮಾತು ಬೇರೆ. ಆದರೆ ಇದನ್ನು ವಶೀಲಿ ಎಂದು ಹೀಗಳೆಯಲು ನನಗೆ ಮನಸ್ಸಿಲ್ಲ. ಸಾಹುಕಾರ ಕೊಡುವುದು ತನ್ನ ದುಡ್ಡು, ಮುಳುಗಿದರೆ ಅವನದೇ ನಷ್ಟ.

ಸಹಕಾರ ಸಂಘದ ಸಾಲ, ಮಗ್ಗದ ಸಹಾಯಧನ ಹಾಗಲ್ಲ. ಅವು ಯಾರ ಸ್ವಂತದ್ದೂ ಅಲ್ಲ. ಅಲ್ಲಿಯೂ ‘ಅಣ್ಣನ ಕೈಲಿ ಒಂದು ಮಾತು ಹೇಳಿಸಿ’ ಎನ್ನುವುದೇ ಹತ್ತಿರದ ದಾರಿಯಾದರೆ ಹಕ್ಕು ಉಪಕಾರವಾಗುತ್ತದೆ, ಉಪಕಾರವನ್ನು ಚುನಾವಣೆಯಲ್ಲಿ ತೀರಿಸಬೇಕಾಗುತ್ತದೆ.

ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಹೆಸರು ಇಡೀ ಊರಿನದು. ಆದರೂ 1999ರ ಕಾಯ್ದೆಯಂತೆ ಅಧಿಕೃತ ಬಳಕೆದಾರನಾಗಲು ಉತ್ಪಾದಕ ಅರ್ಜಿ ಹಾಕಿ ನೋಂದಾಯಿಸಿಕೊಳ್ಳಬೇಕು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವನಿಗೆ ಅದನ್ನು ತುಂಬಿಕೊಡುವವರು ಯಾರು? ಕಚೇರಿಯಲ್ಲಿ ಯಾರನ್ನಾದರೂ ಬಲ್ಲವನದೇ ಮೊದಲ ಸರದಿ.

ನಾನೆಳೆದ ಗೆರೆ ಮಸುಕಾಗುವ ಜಾಗವೂ ಒಂದಿದೆ. ಕೈಮಗ್ಗಕ್ಕೆಂದೇ ಕೆಲವು ಬಟ್ಟೆಗಳನ್ನು ಮೀಸಲಿಟ್ಟ ಕಾಯ್ದೆ 1985ರಲ್ಲೇ ಬಂತು. ವಿದ್ಯುತ್ ಮಗ್ಗದ ನಕಲಿನ ಮೇಲೆ ನೇಕಾರ ದೂರು ಕೊಡಬಹುದು. ಆದರೆ ನಕಲು ಮಾರುವವರೇ ಅವನಿಗೆ ನೂಲು ಕೊಟ್ಟವರಾಗಿದ್ದರೆ? ಸುಮ್ಮನಿದ್ದವನನ್ನು ಹೇಡಿ ಎನ್ನಲಾರೆ. ನಾಳೆಯ ನೂಲೂ ಆ ಅಂಗಡಿಯಿಂದಲೇ ಬರಬೇಕು.