ಕಣ್ಣು ತಣಿದ ಮೇಲೆ

ಹಳತನ್ನು ಬಿಟ್ಟು ಹೊಸತರ ಕಡೆಗೆ ಹರಿಯುವ ಕಣ್ಣನ್ನು ನಾವು ಚಂಚಲವೆನ್ನುತ್ತೇವೆ; ಸ್ವಲ್ಪ ಮುನಿದರೆ ಕೃತಘ್ನವೆಂದೂ ಅನ್ನುತ್ತೇವೆ. ಈ ದೋಷಾರೋಪಣೆ ಎಷ್ಟರಮಟ್ಟಿಗೆ ನ್ಯಾಯವಾದುದು? ಲೋಕದ ಚಪಲವನ್ನು ಯಾರಿಂದಲೂ ಕಲಿಯದ ಹಸುಗೂಸಿನ ನೋಟದಲ್ಲಿಯೇ ಇದಕ್ಕೆ ಉತ್ತರವನ್ನು ಹುಡುಕಬೇಕೆಂದು ನನಗೆ ತೋರುತ್ತದೆ.

ಸೊರಬದಲ್ಲಿರುವ ನನ್ನ ತಂಗಿಯ ಮಗನಿಗೆ ಈಗ ನಾಲ್ಕು ತಿಂಗಳು. ಶಿಕಾರಿಪುರದಲ್ಲಿ ಶನಿವಾರದ ಪಾಠ ಮುಗಿಸಿ, ಶಿರಾಳಕೊಪ್ಪದ ಮೇಲಿನ ಬಸ್ಸಿನಲ್ಲಿ ಅಲ್ಲಿಗೆ ಹೋದಾಗಲೆಲ್ಲ ತೊಟ್ಟಿಲ ಬಳಿ ಕೂಡುವುದು ನನ್ನ ರೂಢಿ. ತೊಟ್ಟಿಲಿಗೆ ತೂಗುಹಾಕಿದ ಮರದ ಗಿಳಿಯನ್ನು ಎವೆಯಿಕ್ಕದೆ ನೋಡುತ್ತಿದ್ದ ಕೂಸು, ಈಚೆಗೆ ಅದನ್ನು ಬಿಟ್ಟು ಕಿಟಕಿಯಲ್ಲಿ ಹರವಿದ ಚೌಕಳಿ ವಸ್ತ್ರವನ್ನು ನೋಡತೊಡಗಿದೆ. ಇದನ್ನು ಕಂಡ ತಂಗಿಯ ಅತ್ತೆಯವರು, “ನಿಮ್ಮ ಸೋದರಳಿಯನಿಗೆ ಗಿಳಿ ಇಷ್ಟು ಬೇಗ ಹಳತಾಯಿತು ನೋಡಿ; ನಾಳೆ ನಮ್ಮ ಗತಿ ಏನೋ!” ಎಂದು ನಕ್ಕರು. ಆ ನಗೆಯೊಳಗೆ ಸಣ್ಣದೊಂದು ಅಂಜಿಕೆಯೂ ಇತ್ತು.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಫ್ಯಾಂಟ್ಸ್ 1964ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ಇಲ್ಲಿ ನೆನೆಯಬೇಕು. ಶಿಶುಗಳ ಮುಂದೆ ಅವರು 10 ಬಾರಿ ಜೋಡಿ ಚಿತ್ರಗಳನ್ನಿಟ್ಟರು. ಒಂದು ಚಿತ್ರ ಪ್ರತಿಸಲವೂ ಅದೇ, ಇನ್ನೊಂದು ಪ್ರತಿಸಲವೂ ಹೊಸತು. 2 ತಿಂಗಳು ದಾಟಿದ ಮಕ್ಕಳ ನೋಟ ಬರಬರುತ್ತ ಹೊಸತರತ್ತ ವಾಲಿತು. ಇನ್ನೂ ಎಳೆಯರಲ್ಲಿ ಅಂಥ ಭೇದ ಕಾಣಲಿಲ್ಲ. 1988ರಲ್ಲಿ ಹಂಟರ್ ಮತ್ತು ಏಮ್ಸ್ ಎಂಬ ವಿದ್ವಾಂಸರು ಇದಕ್ಕೆ ಇನ್ನೊಂದು ಮಾತನ್ನು ಸೇರಿಸಿದರು. ಅರಿತುಕೊಳ್ಳುವ ಕೆಲಸ ಅರ್ಧದಲ್ಲಿರುವಾಗ ಕೂಸು ಪರಿಚಿತವಾದುದನ್ನೇ ಹೆಚ್ಚು ನೋಡುತ್ತದೆ. ಅದು ಮನಸ್ಸಿನಲ್ಲಿ ನೆಲೆಗೊಂಡ ಮೇಲೆ ಹೊಸತಕ್ಕೆ ತಿರುಗುತ್ತದೆ. ವಸ್ತು ಜಟಿಲವಾದಷ್ಟೂ ಆ ತಿರುವು ತಡವಾಗುತ್ತದೆ.

ಹೀಗಿರುವಲ್ಲಿ ಕೂಸಿನ ಮೇಲೆ ಮರೆವಿನ ಅಪವಾದವನ್ನು ಹೊರಿಸುವುದು ಹೇಗೆ? ಗಿಳಿಯ ನೆನಪಿಲ್ಲದಿದ್ದರೆ ವಸ್ತ್ರ ಹೊಸತೆಂದು ಅದಕ್ಕೆ ತಿಳಿಯುವುದೇ ಇಲ್ಲ. ನೋಟದ ಋಣವನ್ನು ತೀರಿಸಿಯೇ ಆ ಕಣ್ಣು ಮುಂದಕ್ಕೆ ಹೊರಡುತ್ತದೆ.

ಬೆಳೆದ ನಮ್ಮ ಸಂಗತಿ ಬೇರೆ. ಕಣ್ಣು ತಣಿಯುವ ಮೊದಲೇ ನಾವು ತಿರುಗುತ್ತೇವೆ. ‘ಇದು ಗೊತ್ತಿದ್ದದ್ದೇ’ ಎಂಬ ಒಂದು ಮಾತಿನಿಂದ ನೋಡುವ ಹೊಣೆಯನ್ನು ಕಳಚಿಕೊಳ್ಳುತ್ತೇವೆ. ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದವನ್ನೇ ತೆಗೆದುಕೊಳ್ಳಿ. ಕದಂಬರ ಕಥೆಯನ್ನು ಹೇಳುವ ಅಲ್ಲಿನ ಸ್ತಂಭಶಾಸನವನ್ನು ಬಿ. ಎಲ್. ರೈಸರು 1894ರಲ್ಲಿಯೇ ಕಂಡು ಲೋಕಕ್ಕೆ ತಿಳಿಸಿದರು. ಅದೇ ಪ್ರಣವೇಶ್ವರ ಗುಡಿಯ ಆವರಣದಲ್ಲಿ, ಸಿಂಹಕಟಾಂಜನದ ಮೇಲೆ ಕೊರೆದ ಇನ್ನೊಂದು ಶಾಸನ ಬೆಳಕಿಗೆ ಬಂದದ್ದು 2013ರ ಉತ್ಖನನದಲ್ಲಿ. ಹಲ್ಮಿಡಿಯದಕ್ಕಿಂತ ಹಳೆಯದೆಂದು ಹಲವು ವಿದ್ವಾಂಸರು ಎಣಿಸುವ ಶಾಸನವದು. ಶತಮಾನಕ್ಕೂ ಮಿಕ್ಕಿ ಬಲ್ಲೆವೆಂದುಕೊಂಡ ಅಂಗಳದಲ್ಲಿ ಹೇಳದೆ ಉಳಿದ ಮಾತು ಇನ್ನೂ ಇತ್ತು.

ಕಲ್ಲಿನ ಸಂಗತಿಯೇ ಹೀಗಿದ್ದರೆ ಮನುಷ್ಯರ ಮಾತೇನು? ಮರದ ಗಿಳಿ ಒಂದು ದಿನ ಮುಗಿದೀತು. ತಾಯಿಯ ಮುಖ ಮಗುವಿಗೆ ಮುಗಿಯುವುದಿಲ್ಲ. ನಕ್ಕರೆ ಅದು ನಗುತ್ತದೆ, ಕೂಗಿದರೆ ಓಗೊಡುತ್ತದೆ, ಗಳಿಗೆಗೊಂದು ಬಗೆಯಾಗುತ್ತದೆ. ಜಗಲಿಯ ಮೇಲೆ ಕುಳಿತ ನಮ್ಮ ಹಿರಿಯರ ಮುಖವೂ ಅಂಥದೇ. ಅದೇ ಕಥೆಯನ್ನು ಹತ್ತನೆಯ ಸಲ ಹೇಳುತ್ತಾರೆಂದು ನಾವು ಎದ್ದುಹೋಗುತ್ತೇವೆ. ಕಥೆ ಹಳೆಯದಿರಬಹುದು, ಅದನ್ನು ಹೇಳುವ ದನಿ ನಿನ್ನೆಗಿಂತ ಇಂದು ಎಷ್ಟು ಕ್ಷೀಣವಾಗಿದೆಯೆಂಬುದನ್ನು ಕೇಳಿಸಿಕೊಂಡವರು ಯಾರು?

ಹೊಸತನ್ನು ನೋಡಬಾರದೆಂದು ನಾನು ಹೇಳುವುದಿಲ್ಲ. ಬದುಕಿರುವ ಮನುಷ್ಯನನ್ನು ನೋಡಿ ಮುಗಿಸಿದೆನೆಂದು ಹೇಳುವ ಅಧಿಕಾರ ಮಾತ್ರ ನಮಗಾರಿಗೂ ಇಲ್ಲ.